ಇಂಗ್ಲಿಷಿನ ಭೂತಕಾಲ ಮತ್ತು ಕನ್ನಡದ ಮಗು

ಪ್ರೌಢಶಾಲೆಯ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವ ಉಪಾಧ್ಯಾಯರಿಗೆ ಚಿರಪರಿಚಿತವಾದ ತಪ್ಪೊಂದಿದೆ: 'ಹಿ ಡಿಡ್ ನಾಟ್ ವೆಂಟ್'. ಅದರ ಬೆನ್ನಿಗೇ 'ಹಿ ಹ್ಯಾಸ್ ವೆಂಟ್' ಬರುತ್ತದೆ. ಕೆಂಪು ಶಾಯಿಯ ಗೆರೆ ಬೀಳುತ್ತದೆ. ಕಾರಣ ಮಾತ್ರ ವಿದ್ಯಾರ್ಥಿಗೆ ತಿಳಿಯುವುದಿಲ್ಲ. 'ಗೋ, ವೆಂಟ್, ಗಾನ್' ಎಂದು ಮಗ್ಗಿಯಂತೆ ಒಪ್ಪಿಸಬಲ್ಲವನು ವಾಕ್ಯದಲ್ಲಿ ಎಡವಿದನೆಂದು ಅವನನ್ನು ದಡ್ಡನೆನ್ನುವುದು ನ್ಯಾಯವಲ್ಲ.

ಈ ಅನಿಯಮಕ್ಕೆ ಇತಿಹಾಸವುಂಟು. 'ವೆಂಟ್' ಎಂಬುದು ಮೂಲದಲ್ಲಿ 'ವೆಂಡ್' ಎಂಬ ಬೇರೊಂದು ಧಾತುವಿನ ಭೂತರೂಪ. 'ಗೋ' ಧಾತುವಿನ ಹಳೆಯ ಭೂತರೂಪ ಬಳಕೆ ತಪ್ಪಿದಾಗ ಅದು ಆ ಸ್ಥಾನಕ್ಕೆ ಬಂದು ನೆಲೆಸಿತು. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಎಳವೆಯಲ್ಲಿ 'ಗೋಡ್' ಎನ್ನುವುದುಂಟು. ಅದು ನಿಯಮವನ್ನು ಅರಸುವ ಬುದ್ಧಿಯ ಲಕ್ಷಣವೇ ಹೊರತು ಮಂದಮತಿಯದಲ್ಲ.

ಕನ್ನಡದ ಮಗುವಿಗೆ ಇಂಥ ಅನಿಯಮ ಹೊಸದೇನೂ ಅಲ್ಲ. 'ಮಾಡು' ಎಂಬುದು 'ಮಾಡಿದ' ಆದರೆ, 'ಕೊಡು' ಎಂಬುದು 'ಕೊಟ್ಟ' ಆಗುತ್ತದೆ. 'ಬರು' 'ಬಂದ'ವಾಗುತ್ತದೆ, 'ಬೀಳು' 'ಬಿದ್ದ'ವಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗು ಇವನ್ನೆಲ್ಲ ಪಟ್ಟಿಯಿಂದಲ್ಲ, ಕೇಳಿದ ಮತ್ತು ಆಡಿದ ಮಾತುಗಳಿಂದ ಕಲಿತಿರುತ್ತದೆ. ಮತ್ತೂ ಗಮನಿಸತಕ್ಕ ಅಂಶವೆಂದರೆ, 'ಹೋದನು' ಎನ್ನುವ ಮಗು ನಿಷೇಧದಲ್ಲಿ 'ಹೋಗಲಿಲ್ಲ' ಎನ್ನುತ್ತದೆ. 'ಹೋದಲಿಲ್ಲ' ಎಂದು ಯಾರೂ ಅನ್ನುವುದಿಲ್ಲ. 'ಡಿಡ್ ನಾಟ್ ಗೋ' ಎಂಬಲ್ಲಿಯೂ ಇದೇ ಮರ್ಯಾದೆ. ಭೂತಕಾಲದ ಹೊರೆಯನ್ನು 'ಡಿಡ್' ಹೊತ್ತ ಮೇಲೆ ಮುಖ್ಯ ಕ್ರಿಯಾಪದ ಅದನ್ನು ಮತ್ತೆ ಹೊರಬೇಕಾಗಿಲ್ಲ. ಹಾಗೆಯೇ 'ಹೋಗಿದ್ದಾನೆ' ಎಂಬುದಕ್ಕೆ 'ಹ್ಯಾಸ್ ಗಾನ್' ಸಂವಾದಿಯಾಗಿ ನಿಲ್ಲುತ್ತದೆ.

ಈ ಹೋಲಿಕೆಗೂ ಎಲ್ಲೆಯುಂಟು. 'ನಿನ್ನೆ ಹೋಗಿದ್ದಾನೆ' ಎಂಬುದು ಕನ್ನಡಕ್ಕೆ ಒಗ್ಗುತ್ತದೆ; ಇಂಗ್ಲಿಷಿನಲ್ಲಿ 'ಯೆಸ್ಟರ್ಡೇ' ಬಂದೊಡನೆ 'ವೆಂಟ್' ಎಂದೇ ಹೇಳಬೇಕು. ಸಾಮ್ಯದಷ್ಟೇ ಸ್ಪಷ್ಟವಾಗಿ ಈ ಭೇದವನ್ನೂ ತರಗತಿಯಲ್ಲಿ ತೋರಿಸತಕ್ಕದ್ದು.

ಆದುದರಿಂದ ತ್ರಿರೂಪಗಳ ಕಂಠಪಾಠದಲ್ಲಿಯೇ ವ್ಯಾಕರಣದ ಪಾಠ ಮುಗಿಯಬಾರದು. ಒಂದೊಂದು ರೂಪವನ್ನೂ ಅದರ ವಾಕ್ಯದೊಡನೆ, ಕನ್ನಡದ ವಾಕ್ಯವನ್ನು ಪಕ್ಕದಲ್ಲಿರಿಸಿ ಅಭ್ಯಾಸ ಮಾಡಿಸಬೇಕು. ಒಂದು ಕ್ರಿಯಾಪದಕ್ಕಾಗಿ ನಗೆಗೀಡಾದ ಹಳ್ಳಿಯ ಹುಡುಗ ಮುಂದೆ ಸಂದರ್ಶನದಲ್ಲಿ, ಸಭೆಯಲ್ಲಿ ಬಾಯಿ ತೆರೆಯಲು ಅಂಜುತ್ತಾನೆ. ಅವನು ಬಲ್ಲ ವಿಷಯವೂ ಅವನೊಳಗೇ ಉಳಿಯುತ್ತದೆ. ತಾಯ್ನುಡಿ ತನಗೆ ಅಡ್ಡಿಯಲ್ಲ, ಆಧಾರವೆಂದು ಅವನಿಗೆ ಮನಗಾಣಿಸುವ ಉಪಾಧ್ಯಾಯರು ಶುದ್ಧ ಇಂಗ್ಲಿಷಿನೊಡನೆ ಧೈರ್ಯವನ್ನೂ ಕಲಿಸಿದಂತಾಗುತ್ತದೆ.