ಕಡಪ ಕಲ್ಲು, ಸೈಕಲ್ ಟ್ಯೂಬು ಮತ್ತು 60,000 ರೂಪಾಯಿಯ ರ‍್ಯಾಕ್

ಕನ್ನಡ ಸಂಘದ ಶನಿವಾರದ ಹಾಡಿನ ಸಂಜೆಗೆ ಬಂದವರಿಗೆಲ್ಲ ಸಂಘದ ಕೋಣೆಯ ಆ ಹಳೇ ಟರ್ನ್‌ಟೇಬಲ್ ಗೊತ್ತು. ಹಳೇ ವಿದ್ಯಾರ್ಥಿಯೊಬ್ಬರು ಮನೆ ಬದಲಾಯಿಸುವಾಗ ಒಂದು ಆಂಪ್ಲಿಫೈಯರು, ಎರಡು ಸ್ಪೀಕರು, ಒಂದು ಪೆಟ್ಟಿಗೆ ತುಂಬ ಎಲ್‌ಪಿಗಳ ಜೊತೆ ಕೊಟ್ಟು ಹೋದದ್ದು ಅದು. ಜಿ.ಕೆ. ವೆಂಕಟೇಶ್ ಸಂಗೀತದ ಹಾಡುಗಳನ್ನು ಮೊಬೈಲಿನಲ್ಲಷ್ಟೇ ಕೇಳಿದ್ದ ನಾವು ತಟ್ಟೆ ತಿರುಗಿ ಹಾಡುವುದನ್ನು ಮೊದಲು ಕಂಡದ್ದು ಅಲ್ಲೇ.

ಈಗ ಆ ಕೋಣೆಗೆ ಒಂದು ರ‍್ಯಾಕ್ ಕೊಳ್ಳಬೇಕು ಅನ್ನೋ ಪ್ರಸ್ತಾಪ ಬಂದಿದೆ. ಸಾಮಾನು ಜೋಡಿಸೋ ಮಾಮೂಲಿ ರ‍್ಯಾಕ್ ಅಲ್ಲ, ಕಂಪನ ತಡೆಯುವ ರ‍್ಯಾಕ್. ಉಕ್ಕಿನ ಚೌಕಟ್ಟು, ಮೊನಚು ಕಾಲು, ಒಂದೊಂದು ಹಲಗೆಯ ಕೆಳಗೂ ರಬ್ಬರ್ ಮೆತ್ತೆ. ಇದರ ಮೇಲಿಟ್ಟರೆ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸಿಡಿ ಪ್ಲೇಯರ್ ಎಲ್ಲದರ ದನಿಯೂ ತಿಳಿಯಾಗುತ್ತದಂತೆ. ಬೆಲೆ 60,000 ರೂಪಾಯಿ. ಸಂಘದ ಈ ವರ್ಷದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ. ಮೊದಲ ವರ್ಷದವರು ಮೆಸ್ ಬಿಲ್ಲಿನ ಲೆಕ್ಕ ಹಾಕಿಕೊಂಡೇ ಕೊಟ್ಟ ತಲಾ 200 ರೂಪಾಯಿಯೂ ಅದರಲ್ಲಿ ಸೇರಿದೆ.

ಈ ಪತ್ರಿಕೆ ನೋಡಿಕೊಳ್ಳುವ ನಾವು ನಾಲ್ಕು ಜನ ಬೇಡ ಅನ್ನುವ ಕಡೆ ಇದ್ದೇವೆ. ಹಾಗಂತ "ಇದೆಲ್ಲ ಬರೀ ಬೊಗಳೆ ಮಗಾ" ಅಂದು ಎದ್ದು ಹೋದ ಗೆಳೆಯರ ಕಡೆಯೂ ಅಲ್ಲ. ಟರ್ನ್‌ಟೇಬಲ್ ವಿಷಯದಲ್ಲಿ ಅವರ ಮಾತು ತಪ್ಪು.

ಟರ್ನ್‌ಟೇಬಲ್ ಅಂದರೆ ಕಂಪನವನ್ನೇ ಅಳೆಯುವ ಯಂತ್ರ. ಎಲ್‌ಪಿಯ ಗೀರಿನ ಅಗಲ ಸುಮಾರು 50 ಮೈಕ್ರೋಮೀಟರ್. ಮೆಲುದನಿಯ ಜಾಗಗಳಲ್ಲಿ ಸೂಜಿ ಅಲ್ಲಾಡುವುದು ಒಂದು ಮೈಕ್ರೋಮೀಟರಿಗಿಂತ ಎಷ್ಟೋ ಕಡಿಮೆ. ಗೀರಿನ ಏರಿಳಿತದಿಂದ ಅಲ್ಲಾಡಿದೆನೋ, ಮೇಜು ನಡುಗಿ ಅಲ್ಲಾಡಿದೆನೋ ಅನ್ನುವುದು ಸೂಜಿಗೆ ಗೊತ್ತಾಗಲ್ಲ. ಎರಡನ್ನೂ ವೋಲ್ಟೇಜ್ ಮಾಡಿ ಕಳಿಸುತ್ತೆ. ಸಾಲದ್ದಕ್ಕೆ ಆರ್‌ಐಎಎ ಈಕ್ವಲೈಸೇಶನ್ ಇದೆ. ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ, ನುಡಿಸುವಾಗ ಅಷ್ಟೇ ಎತ್ತುವ ಪದ್ಧತಿ ಅದು. 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್, ಅಂದರೆ 9 ಪಟ್ಟು ಹೆಚ್ಚು ಗೇನ್. ಹೆಜ್ಜೆ ಸಪ್ಪಳ, ಬಾಗಿಲು ಬಡಿತ, ಮೇಜಿನ ನಡುಕ ಎಲ್ಲ ಬೀಳುವುದು ಬಹುಪಾಲು ಈ ಕೆಳಗಿನ ಆವರ್ತನಗಳಲ್ಲೇ.

ನಂಬಿಕೆ ಬಾರದವರು ಕೋಣೆಗೆ ಬಂದು ನೋಡಿ. ಮೋಟಾರ್ ಆಫ್ ಮಾಡಿ, ನಿಂತ ತಟ್ಟೆಯ ಮೇಲೆ ಸೂಜಿ ಇಟ್ಟು, ವಾಲ್ಯೂಮ್ ಸ್ವಲ್ಪವೇ ಏರಿಸಿ ಮೇಜನ್ನು ಬೆರಳಲ್ಲಿ ತಟ್ಟಿ. ಸ್ಪೀಕರಿನಲ್ಲಿ 'ಧಡ್' ಅಂತ ಕೇಳುತ್ತೆ. ನಾವು ಇನ್ನೊಂದು ಹೆಜ್ಜೆ ಹೋದೆವು. ಸೂಜಿ ನಿಂತ ತಟ್ಟೆಯ ಮೇಲೇ ಇರಲಿ ಅಂತ ಬಿಟ್ಟು, ಲ್ಯಾಪ್‌ಟಾಪಿನಿಂದ ಒಂದು ಹಾಡನ್ನು ಅದೇ ಸ್ಪೀಕರುಗಳಲ್ಲಿ ಹಾಕಿ, ಸೂಜಿಯಿಂದ ಬರುವ ಸಿಗ್ನಲ್ ರೆಕಾರ್ಡ್ ಮಾಡಿದೆವು. ಆಮೇಲೆ ಕೇಳಿದರೆ ಯಾವ ಹಾಡು ಅಂತ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿತ್ತು! ಸ್ಪೀಕರಿನಿಂದ ಮೇಜಿಗೆ, ಮೇಜಿನಿಂದ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ: ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರಿಗೂ ಇದು ಫೀಡ್‌ಬ್ಯಾಕ್ ಲೂಪ್ ಅಂತ ಹೊಳೆಯಬೇಕು. ಸ್ಪೀಕರುಗಳನ್ನು ಬೇರೆ ಮೇಜಿಗೆ ಸಾಗಿಸಿದೆವು, ಅಷ್ಟಕ್ಕೇ ಆ ಭೂತದ ಹಾಡು ಬಹುಪಾಲು ಅಡಗಿತು. ಪೂರ್ತಿ ಹೋಗಲಿಲ್ಲ. ಗಾಳಿಯಲ್ಲಿ ಬರುವ ಸದ್ದು ನೇರವಾಗಿ ತಟ್ಟೆಗೇ ಬಡಿಯುತ್ತಲ್ಲ, ಅದನ್ನು ಯಾವ ರ‍್ಯಾಕೂ ತಡೆಯಲಾರದು.

ಹಾಗಾದರೆ ಟರ್ನ್‌ಟೇಬಲ್‌ಗಾದರೂ ಆ ರ‍್ಯಾಕ್ ಬರಲಿ ಅಂತೀರಾ? ಬರಬಹುದಿತ್ತು, ಅದು ನಿಜಕ್ಕೂ ಕಂಪನ ತಡೆಯುವಂತಿದ್ದರೆ. ಮೆಕ್ಯಾನಿಕಲ್ ವಿಭಾಗದವರು ಕ್ಷಮಿಸಬೇಕು, ನಿಮ್ಮ ಪಾಠವನ್ನೇ ನಿಮಗೆ ಹೇಳ್ತಿದ್ದೇವೆ. ಭಾರ ಇಟ್ಟಾಗ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗಿತು ಅಂತ ನೋಡಿ, ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಸ್ವಾಭಾವಿಕ ಆವರ್ತನ ಹರ್ಟ್ಸ್‌ನಲ್ಲಿ ಸಿಗುತ್ತದೆ. ತಡೆ ಶುರುವಾಗುವುದು ಅದರ 1.4 ಪಟ್ಟು ದಾಟಿದ ಮೇಲೆ. ಅದಕ್ಕಿಂತ ಕೆಳಗೆ ತಡೆಯುವುದಿರಲಿ, ರೆಸೊನೆನ್ಸ್ ಹತ್ತಿರ ನಡುಕ ಹೆಚ್ಚೇ ಆಗುತ್ತೆ. ಈ ರ‍್ಯಾಕಿನ ರಬ್ಬರ್ ಮೆತ್ತೆ ಭಾರಕ್ಕೆ ಹೆಚ್ಚೆಂದರೆ 1 ಮಿಲಿಮೀಟರ್ ಕುಗ್ಗೀತು. ಅಂದರೆ ಸುಮಾರು 16 ಹರ್ಟ್ಸ್, ರಬ್ಬರಿಗಾದರೆ ಇನ್ನೂ ಸ್ವಲ್ಪ ಮೇಲೆಯೇ. ತಡೆ ಶುರುವಾಗುವುದು 22 ಹರ್ಟ್ಸ್ ದಾಟಿದ ಮೇಲೆ. ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ಅನುರಣಿಸುವುದು ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವೆ. ಅದನ್ನು ಕಾಪಾಡಬೇಕಾದರೆ ಸ್ಪ್ರಿಂಗ್ ಒಂದು ಸೆಂಟಿಮೀಟರಾದರೂ ಕುಗ್ಗಬೇಕು, ಆಗ 5 ಹರ್ಟ್ಸ್ ಸಿಗುತ್ತೆ. 1961ರಲ್ಲೇ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ತಮ್ಮ ಎಆರ್ ಟರ್ನ್‌ಟೇಬಲ್ಲಿನ ತಟ್ಟೆಯನ್ನೂ ಆರ್ಮನ್ನೂ ಒಟ್ಟಿಗೆ ಮೆತ್ತನೆ ಸ್ಪ್ರಿಂಗುಗಳ ಮೇಲೆ ಕೂರಿಸಿ ಈ ಕೆಲಸವನ್ನು ಯಂತ್ರದ ಒಳಗೇ ಮುಗಿಸಿದ್ದರು. ಅದೇನೂ ದುಬಾರಿ ಯಂತ್ರವಾಗಿರಲಿಲ್ಲ.

ಮೊನಚು ಕಾಲಿನ ಕಥೆಯಂತೂ ಕೇಳಲೇಬೇಡಿ. ಕಂಪನ ಮೇಲಿನಿಂದ ನೆಲಕ್ಕೆ ಇಳಿದು ಹೋಗುತ್ತೆ, ನೆಲದಿಂದ ಮೇಲಕ್ಕೆ ಮಾತ್ರ ಬರಲ್ಲ ಅಂತ ಸಭೆಯಲ್ಲಿ ವಿವರಿಸಿದರು. ಅಂಥ ಮೆಕ್ಯಾನಿಕಲ್ ಡಯೋಡ್ ಆಗಿದ್ದರೆ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಅದೇ ಆಗಿರುತ್ತಿತ್ತು. ಮೊನಚು ಕಾಲು ಮಾಡುವುದು ಯಂತ್ರವನ್ನು ನೆಲಕ್ಕೆ ಬಿಗಿಯಾಗಿ ಜೋಡಿಸುವ ಕೆಲಸ. ನೆಲ ನಡುಗಿದರೆ ಜೊತೆಗೆ ಇದೂ ನಡುಗುತ್ತೆ.

ಇನ್ನು ಉಳಿದ ಸಾಮಾನು. ವಾಲ್ವ್ ಆಂಪ್ಲಿಫೈಯರ್ ಇದ್ದಿದ್ದರೆ ಸ್ವಲ್ಪ ಯೋಚಿಸಬೇಕಿತ್ತು. ಗಾಜಿನ ಒಳಗಿನ ಗ್ರಿಡ್ ನಡುಗಿದರೆ ಸಿಗ್ನಲ್ಲೂ ನಡುಗುತ್ತೆ. ವಾಲ್ವನ್ನು ಪೆನ್ಸಿಲ್ಲಿನಿಂದ ತಟ್ಟಿದರೇ ಕೇಳಿಸುವುದುಂಟು. ನಮ್ಮದು ಟ್ರಾನ್ಸಿಸ್ಟರಿನದು. ಸಿಡಿ ಪ್ಲೇಯರಿನಲ್ಲಿ ರೀಡ್-ಸಾಲೊಮನ್ ದೋಷ ತಿದ್ದುಪಡಿ ಇದೆ. ತಟ್ಟೆಯ ಮೇಲೆ ಸುಮಾರು 2.5 ಮಿಲಿಮೀಟರ್ ಉದ್ದದ ಮಾಹಿತಿ ಪೂರಾ ಅಳಿಸಿಹೋದರೂ ಬಿಟ್ಟು ಬಿಡದೆ ತುಂಬಿಕೊಡುತ್ತೆ. ಜೋರಾಗಿ ಕುಲುಕಿದರೆ ಹಾಡು ಎಗರುತ್ತೆ ನಿಜ, ಆದರೆ 'ತಬಲಾ ಸ್ವಲ್ಪ ಮಂಕಾಯಿತು' ಅನ್ನೋ ಥರದ ನಡುವಿನ ಸ್ಥಿತಿ ಅದಕ್ಕಿಲ್ಲ. ಡಿಎಸಿಯ ಕ್ವಾರ್ಟ್ಜ್ ಹರಳಿಗೆ ಕಂಪನ ತಟ್ಟುವುದೂ ನಿಜವೇ. ಎಷ್ಟು ತಟ್ಟುತ್ತೆ? ಒಂದು ಪೂರ್ತಿ 'ಜಿ' ವೇಗೋತ್ಕರ್ಷಕ್ಕೆ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಸಂಘದ ಕೋಣೆಯ ಮೇಜು ಒಂದು 'ಜಿ'ಯಲ್ಲಿ ಅಲ್ಲಾಡಿದರೆ ನಾವು ಹಾಡು ಬಿಟ್ಟು ಓಡಬೇಕು.

"ಲೆಕ್ಕ ಇರಲಿ, ಕಿವಿಗೆ ಕೇಳುತ್ತಲ್ಲ!" ಅನ್ನುವುದು ಇನ್ನೊಂದು ಕಡೆಯವರ ಮುಖ್ಯ ಮಾತು. ಇದನ್ನು ನಾವು ನಕ್ಕು ತಳ್ಳಿಹಾಕಲ್ಲ, ಯಾಕೆಂದರೆ ನಮಗೂ ಕೇಳಿಸಿತ್ತು. ಸೀನಿಯರ್ ಅಣ್ಣ ಒಬ್ಬರು ಅದೇ ಥರದ ಒಂದು ಕಂಪನ ತಡೆಯುವ ಹಲಗೆ ತಂದು ಆಂಪ್ಲಿಫೈಯರಿನ ಕೆಳಗಿಟ್ಟರು. ನಾಲ್ವರಿಗೂ ದನಿ ಬಿಡಿಬಿಡಿಯಾಗಿ ಕೇಳಿಸಿತು. ನಮ್ಮಲ್ಲೊಬ್ಬಳು "ವೀಣೆಯ ತಂತಿ ಕೈಗೆ ಸಿಗೋ ಹಾಗಿದೆ" ಅಂದೂಬಿಟ್ಟಳು.

ಆಮೇಲೆ ಪರದೆ ಕಟ್ಟಿದೆವು. ಹಿಂದೆ ಒಬ್ಬ ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ಹಲಗೆ ಇಡುವುದು ಇಲ್ಲವೇ ತೆಗೆಯುವುದು. ಏನೂ ಬದಲಾಗದಿದ್ದಾಗಲೂ ಎತ್ತಿ ಇಡುವ ಸದ್ದು ಮಾಡುವುದು. ಎಲ್ಲರಿಗಿಂತ ಖಚಿತವಾಗಿದ್ದ ಅಣ್ಣನೇ ಕೇಳಲು ಕೂತರು. 10ರಲ್ಲಿ 6 ಸರಿ. ಸುಮ್ಮನೆ ಊಹಿಸಿದರೂ 6 ಅಥವಾ ಅದಕ್ಕಿಂತ ಹೆಚ್ಚು ಸಿಗುವ ಸಾಧ್ಯತೆ ಸುಮಾರು 38%. 9 ಸಿಕ್ಕಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ.

ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನ್ಯಾಯವಾದ ಒಂದು ತಕರಾರು ತೆಗೆದರು: "ಬದಲಾಯಿಸೋಕೆ ಎರಡು ನಿಮಿಷ ತಗೋತೀರಿ, ಅಷ್ಟರಲ್ಲಿ ಕಿವಿ ಮರೆತುಬಿಡುತ್ತೆ." ಸರಿ, ಕಿವಿಯನ್ನೇ ಬಿಟ್ಟೆವು. ಒಂದೇ ಸೌಂಡ್ ಕಾರ್ಡಿನಿಂದ ಹಾಡು ಕಳಿಸಿ, ಆಂಪ್ಲಿಫೈಯರಿನಿಂದ ಹೊರಬಂದದ್ದನ್ನು ತಗ್ಗಿಸಿ ಅದೇ ಕಾರ್ಡಿಗೆ ರೆಕಾರ್ಡ್ ಮಾಡಿದೆವು. ಸ್ಪೀಕರುಗಳು ಪಕ್ಕದಲ್ಲೇ ಜೋರಾಗಿ ಹಾಡುತ್ತಿದ್ದವು. ಹಲಗೆ ಇದ್ದಾಗಿನ ರೆಕಾರ್ಡಿಂಗಿನಿಂದ ಇಲ್ಲದಾಗಿನದನ್ನು ಕಳೆದೆವು. ಉಳಿದದ್ದು ಒಂದಿಷ್ಟು 'ಸ್ಸ್' ಸದ್ದು. ಹಲಗೆ ಮುಟ್ಟದೆಯೇ ಎರಡು ಸಲ ರೆಕಾರ್ಡ್ ಮಾಡಿ ಕಳೆದಾಗಲೂ ಅಷ್ಟೇ ಉಳಿಯಿತು.

ಅಣ್ಣ ಸುಳ್ಳು ಹೇಳಿದರು ಅಂತ ಇದರ ಅರ್ಥ ಅಲ್ಲ. ವೀಣೆಯ ತಂತಿ ಕೈಗೆ ಸಿಕ್ಕಂತಾದದ್ದು ನಮ್ಮ ಗೆಳತಿಗೆ ನಿಜವಾಗಿಯೂ ಹಾಗೇ ಆಯಿತು. ಅವತ್ತು ನಾವು ಉಸಿರು ಬಿಗಿಹಿಡಿದು, ಮೊಬೈಲ್ ಪಕ್ಕಕ್ಕಿಟ್ಟು ಕೇಳಿದ್ದೆವು. ಬೇರೆ ಶನಿವಾರಗಳಲ್ಲಿ ಹಾಗೆ ಕೇಳಿದ್ದು ನೆನಪಿಲ್ಲ.

ನಮ್ಮ ಬದಲಿ ಪ್ರಸ್ತಾಪ ಇಷ್ಟು. ಸ್ಪೀಕರುಗಳು ಇನ್ನು ಮುಂದೆಯೂ ಬೇರೆ ಮೇಜಿನ ಮೇಲೇ ಇರಲಿ, ಕೆಳಗೆ ದಪ್ಪ ಫೋಮ್ ಹಾಕಿ. ಟೊಳ್ಳು ಪ್ಲೈವುಡ್ ಮೇಜು ಜೊತೆಗೂಡಿ ಗುಂಯ್‌ಗುಡುವುದು ಎಲ್ಲರಿಗೂ ಕೇಳುತ್ತೆ, ಮೈಕಿಗೂ ಕೇಳುತ್ತೆ. ಟರ್ನ್‌ಟೇಬಲ್ ಕೆಳಗೆ ಒಂದೂವರೆ ಅಡಿ ಚೌಕದ, ಒಂದಿಂಚು ದಪ್ಪದ ಕಡಪ ಕಲ್ಲು. ತೂಕ 13-14 ಕೆ.ಜಿ. ಬರುತ್ತೆ. ಕಲ್ಲಿನ ಕೆಳಗೆ ಮಕ್ಕಳ ಸೈಕಲ್ಲಿನ ಟ್ಯೂಬು, ಅರೆಬರೆ ಗಾಳಿ ತುಂಬಿದ್ದು. ಗಾಳಿ ಜಾಸ್ತಿಯಾದರೆ ಗಟ್ಟಿಯಾಗಿ ಕೆಲಸ ಕೆಡುತ್ತೆ. ಕಲ್ಲು ಟ್ಯೂಬಿನ ಮೇಲೆ ತೇಲಬೇಕು, ಮೇಜಿಗೆ ತಾಗಬಾರದು. ಊದಿದ ಟ್ಯೂಬಿನ ಮೇಲೆ ತಟ್ಟೆ ಮಟ್ಟಸವಾಗಿ ನಿಲ್ಲುವಂತೆ ಮಾಡೋದು ಒಂದು ಸಂಜೆಯ ಸರ್ಕಸ್, ಸ್ಪಿರಿಟ್ ಲೆವೆಲ್ ಸಿವಿಲ್ ವಿಭಾಗದವರು ಕೊಡ್ತೀವಿ ಅಂದಿದ್ದಾರೆ. ಕಲ್ಲು ಕೊಯ್ಯೋ ಅಂಗಡಿಯಲ್ಲಿ ತುಂಡು ಕಲ್ಲು ಕೇಳಿದರೆ ಎಲ್ಲ ಸೇರಿ 1,000 ರೂಪಾಯಿ ದಾಟಲಾರದು.

ಉಳಿದ 59,000ದಲ್ಲಿ ಕಿಟಕಿಗೆ ದಪ್ಪ ಪರದೆ, ಹೊಸ ಸೂಜಿ (ಈಗಿನದು ಎಷ್ಟು ವರ್ಷದ್ದೋ ದೇವರೇ ಬಲ್ಲ), ಒಂದಿಷ್ಟು ಎಲ್‌ಪಿ ಕೊಳ್ಳೋಣ. ಮಿಕ್ಕದ್ದು ಸಂಘದ ಖಾತೆಯಲ್ಲೇ ಇರಲಿ.

ಮುಂದಿನ ಶನಿವಾರ ಸಂಜೆ 5ಕ್ಕೆ ಕಲ್ಲು ಬರುತ್ತೆ. ನಿಂತ ತಟ್ಟೆಯ ಪರೀಕ್ಷೆಯನ್ನು ಕಲ್ಲಿಲ್ಲದೆ ಒಮ್ಮೆ, ಕಲ್ಲಿನೊಂದಿಗೆ ಒಮ್ಮೆ ಎಲ್ಲರೆದುರೇ ಮಾಡುತ್ತೇವೆ. ರ‍್ಯಾಕ್ ಬೇಕು ಅನ್ನುವವರು ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಅದನ್ನೂ ತರಿಸಿದರೆ ಮೂರನೇ ಸಲ ಅದರ ಮೇಲಿಟ್ಟು ಅಳೆಯೋಣ. ಕಲ್ಲು ಹೊರೋಕೆ ಇಬ್ಬರು ಬೇಕು, ನಾಲ್ಕೂವರೆಗೆ ಹಿಂದಿನ ಗೇಟಿನ ಹತ್ತಿರ ಬನ್ನಿ.