ಹಿಟ್ಲರ್ ಬರಲಿ ಎನ್ನುವವರಿಗೆ

“ಹಿಟ್ಲರ್‌ನಂಥಾಂವ ಒಬ್ಬಾಂವ ಬರಬೇಕ್ರಿ, ಎಲ್ಲಾ ನೆಟ್ಟಗಾಗ್ತದ.” ಕುಣಿಕೋಣೂರಿನ ಕಟ್ಟೆಯ ಮೇಲೂ ಜತ್ತದ ಚಹಾದಂಗಡಿಯಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ಆಡುವವರು ಕೆಟ್ಟವರಲ್ಲ, ನೀರಿಗೂ ರಸ್ತೆಗೂ ಅಲೆದು ಬೇಸತ್ತವರು. ಆದರೆ ಅವರು ಮುಂದಿಡುವ ಒಂದೊಂದು ಸಮರ್ಥನೆಯೂ ಸುಳ್ಳು.

ದೊಡ್ಡ ರಸ್ತೆ ಕೊಟ್ಟನಂತೆ. ಕಲೋನ್–ಬಾನ್ ಹೆದ್ದಾರಿ ತೆರೆದದ್ದು 1932ರ ಆಗಸ್ಟ್‌ನಲ್ಲಿ, ಅವನು ಅಧಿಕಾರಕ್ಕೆ ಬರುವ ಮುಂಚೆ.

ನೇತಾಜಿಗೆ ಬೆಂಬಲ ಕೊಟ್ಟನಂತೆ. 1942ರ ಮೇನಲ್ಲಿ ಭೇಟಿಯಾದದ್ದು ನಿಜ. ಆದರೆ ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುವ ಘೋಷಣೆಗೆ ಹಿಟ್ಲರ್ ಒಪ್ಪಲಿಲ್ಲ. ಭಾರತ ಇಂಗ್ಲಿಷರ ಕೈಯಲ್ಲೇ ಇರುವುದು ಮೇಲು ಎಂದು ತನ್ನ ಪುಸ್ತಕದಲ್ಲಿ ಬರೆದಿದ್ದವನು ಅವನು.

ಸತ್ತವರ ಲೆಕ್ಕ ಉಬ್ಬಿಸಿದ್ದು ಎನ್ನುವವರಿದ್ದಾರೆ. ಸುಮಾರು 60 ಲಕ್ಷ ಯಹೂದಿಗಳ ಕೊಲೆಗೆ ಸಾಕ್ಷಿ ಕೊಂದವರ ಕಡತಗಳಲ್ಲೇ ಇದೆ. 1943ರ ಜನವರಿ 11ರಂದು ನಾಜಿ ಪಡೆ ಎಸ್‌ಎಸ್‌ನ ಅಧಿಕಾರಿಯೊಬ್ಬ ಕಳಿಸಿದ ತಂತಿಯಲ್ಲಿ, ಪೋಲೆಂಡಿನ ನಾಲ್ಕು ಶಿಬಿರಗಳಿಗೆ 1942ರ ಕೊನೆಯವರೆಗೆ ಬಂದವರು 12,74,166 ಎಂದಿದೆ. ಜೋಳದ ಚೀಲ ಎಣಿಸಿದ ಹಾಗೆ ಕೊನೆಯ ಆರರವರೆಗೆ ಬರೆದಿಟ್ಟಿದ್ದಾರೆ.

ಯಹೂದಿಗಳು ದೇಶದ್ರೋಹಿಗಳೆಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿ ಸುಮಾರು 1 ಲಕ್ಷ ಯಹೂದಿಗಳಿದ್ದರು. ಸುಮಾರು 12 ಸಾವಿರ ಜನ ಆ ದೇಶಕ್ಕಾಗಿಯೇ ಸತ್ತರು. ಹಿಟ್ಲರ್ ಸರಕಾರ 1933ರ ಏಪ್ರಿಲ್‌ನಲ್ಲಿ ತಂದ ಸರಕಾರಿ ನೌಕರಿಯ ಕಾನೂನು ನೌಕರನ ಕೆಲಸ ನೋಡಲಿಲ್ಲ, ಅವನ ಅಜ್ಜ ಅಜ್ಜಿ ಯಾರೆಂದು ಕೇಳಿತು. ನಾಲ್ವರಲ್ಲಿ ಒಬ್ಬರು ಯಹೂದಿಯಾಗಿದ್ದರೂ ವಜಾ ಮಾಡಲು ಸಾಕಿತ್ತು.

“ಅದೆಲ್ಲಾ ಯುರೋಪಿನ ಮಾತು, ನಮಗೇನ್ರಿ?” ಎಂಬುದು ಕೊನೆಯ ವಾದ. ಯಹೂದಿ ಮನೆತನದ ಜರ್ಮನ್ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1914ರಲ್ಲೇ ಕ್ರೈಸ್ತನಾಗಿದ್ದ. ಆದರೂ ಅದೇ ಕಾನೂನಿನಿಂದ ಗಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಹೋಯಿತು. ಸಿ.ವಿ. ರಾಮನ್ ಕರೆದರು, 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ. ಅಲ್ಲೇ ಕಾಯಂ ಮಾಡುವ ಮಾತು ಸಭೆಗೆ ಬಂದಾಗ ಇಂಗ್ಲಿಷ್ ಪ್ರಾಧ್ಯಾಪಕನೊಬ್ಬ ಎದ್ದು, ಸ್ವಂತ ದೇಶ ಹೊರಹಾಕಿದ ಎರಡನೇ ದರ್ಜೆಯ ಪರಕೀಯ ನಮಗೆ ಬೇಡ ಎಂದ. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತ. ಊರು ಬಿಡಿಸಿದ ಕಾನೂನಿನ ಕಳಂಕ ಬೆಂಗಳೂರಿನವರೆಗೂ ಬೆನ್ನು ಬಿಡಲಿಲ್ಲ. ಅದೇ ಮನುಷ್ಯನಿಗೆ 1954ರಲ್ಲಿ ನೊಬೆಲ್ ಬಂತು.

ಅವನ ಸೋದರಳಿಯ ಒಟ್ಟೊ ಕೋನಿಗ್ಸ್‌ಬರ್ಗರ್‌ನದೂ ಅದೇ ಪಾಡು. 1933ರಲ್ಲಿ ಸರಕಾರಿ ನೌಕರಿ ಕಳಕೊಂಡು ಈಜಿಪ್ಟಿಗೆ ಹೋದ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. ವಿಜ್ಞಾನ ಸಂಸ್ಥೆಯ ಕಟ್ಟಡಗಳಿಗೆ ನಕ್ಷೆ ಹಾಕಿದ, ಮುಂದೆ ಭುವನೇಶ್ವರದ ನಗರ ಯೋಜನೆಯನ್ನೂ ಮಾಡಿದ. ಈ ಮಾವ ಅಳಿಯ ಜರ್ಮನಿಗೆ ಮಾಡಿದ ದ್ರೋಹ ಯಾವುದು? ಹಿಟ್ಲರ್ ಬೇಕೆನ್ನುವವರು ಮೊದಲು ಅದನ್ನು ಹೇಳಲಿ.