ಬರಿದಾದ ಕೋಣೆ, ಬರಿದಾಗದ ಮನಸ್ಸು

ಕಡಿಮೆ ಸಾಮಾನು, ಬಿಳಿಯ ಗೋಡೆ, ಧಾರಾಳ ಬೆಳಕು: ತೋಟದ ಮನೆ ಕಟ್ಟಿಸುವವರು ಇಂದು ಮೆಚ್ಚುವ ಒಳಾಂಗಣವಿದು. ಮೆಚ್ಚತಕ್ಕದ್ದೇ. ಆದರೆ ಇದು ಅಪರಿಗ್ರಹವೇ?

ಹೊಯ್ಸಳೇಶ್ವರ ದೇಗುಲದ ಶಿಲ್ಪವೈಭವವನ್ನು ಕಂಡ ಕಣ್ಣಿಗೆ ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯ ಹೊರಗೋಡೆ ತೀರ ಸರಳ. ತಂದೆ ಗಂಗರಾಜನ ನೆನಪಿಗಾಗಿ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಬಸದಿಯಿದು. ಒಳಗಿನ ಕಂಬಗಳಿಗೆ ಕನ್ನಡಿಯ ನುಣುಪು. ಗರ್ಭಗೃಹದಲ್ಲಿ ಏನನ್ನೂ ತೊಡದೆ ನಿಂತ ಜಿನಬಿಂಬ. ಕಂಬದತ್ತ ಬಾಗಿದರೆ ಕಾಣುವುದು ನೋಡುವವನ ಮುಖವೇ.

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ಮಮತೆಯಲ್ಲಿ ಗುರುತಿಸುತ್ತದೆ. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದವುಗಳ ಪಟ್ಟಿಯಲ್ಲಿ ಹೊಲ ಮತ್ತು ಮನೆಯನ್ನೇ ಮೊದಲು ಹೇಳುತ್ತದೆ. ಹಳೆಯ ಗಟ್ಟಿ ಮಂಚವನ್ನು ಎಸೆದು ದುಬಾರಿ ‘ಸರಳ’ ಮಂಚ ತಂದವನ ಕೋಣೆ ಬರಿದಾಯಿತು, ಆಸೆ ಬರಿದಾಗಲಿಲ್ಲ. ತನ್ನ ಸರಳತೆಯನ್ನು ಅತಿಥಿಗಳಿಗೆ ತೋರಿಸಿ ಹಿಗ್ಗುವವನಿಗೆ ಶೂನ್ಯವೂ ಒಂದು ಒಡವೆಯೇ.

ಗೃಹಸ್ಥನು ಮನೆ ಬಿಡಬೇಕಿಲ್ಲ. ಪಾಯ ತೋಡುವ ಮೊದಲೇ ‘ಇಷ್ಟು ಸಾಕು’ ಎಂದು ನಿಶ್ಚಯಿಸಲಿ. ಮಿಕ್ಕದ್ದು ಆಹಾರ, ಔಷಧ, ಶಾಸ್ತ್ರ, ಅಭಯದಾನಗಳಿಗೆ ಸಲ್ಲಲಿ. ಪರಿಮಿತ ಪರಿಗ್ರಹವೆಂಬ ಅಣುವ್ರತ ಬೇಡುವುದು ಇಷ್ಟನ್ನೇ. ಆಗ ಖಾಲಿ ಜಾಗ ಅಲಂಕಾರವಾಗದೆ ಸಾಮಾಯಿಕಕ್ಕೆ ಕುಳಿತುಕೊಳ್ಳುವ ನೆಲೆಯಾದೀತು.